ಗಂಡನ ಮೇಲೆ ಕ್ರಿಮಿನಲ್ ಕೇಸು, ಹೆಂಡತಿಯಿಂದ ಡಿವೋರ್ಸ್ ಅರ್ಜಿ: ನಾವು ಅದನ್ನು ಓದುವ ರೀತಿ ಸರಿಯೇ?

ತಿಳಿನೀರು

ದೊಡ್ಡ ಹೆಸರಿನವರ ಮೇಲೆ ಕ್ರಿಮಿನಲ್ ಕೇಸ್ ಬಿದ್ದಾಗಲೆಲ್ಲ ಜನರ ಕಣ್ಣು ಆರೋಪಿಗಿಂತ ಮುಂಚೆ ಹೆಂಡತಿಯ ಮೇಲೆ ಹೋಗುತ್ತದೆ. ಕೋರ್ಟಿಗೆ ಬಂದಳಾ? ಕೈ ಹಿಡಿದುಕೊಂಡು ನಡೆದಳಾ? ಇನ್‌ಸ್ಟಾಗ್ರಾಮ್‌ನಲ್ಲಿ ಮದುವೆ ಫೋಟೊ ಇನ್ನೂ ಇದೆಯಾ? ಅವಳು ವಿಚ್ಛೇದನಕ್ಕೆ ಅರ್ಜಿ ಹಾಕಿದರೆ "ನೋಡಿ, ಕಟ್ಟಿಕೊಂಡವಳಿಗೇ ಖಾತ್ರಿಯಾಗಿದೆ, ಅವನೇ ಮಾಡಿದ್ದು" ಅನ್ನುತ್ತಾರೆ. ಹಾಕದಿದ್ದರೆ "ಇವಳೂ ಶಾಮೀಲು" ಅನ್ನುತ್ತಾರೆ. ಎರಡು ಮಾತಿಗೂ ಸಾಕ್ಷಿ ಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ.

ಅಮೆರಿಕದ ನಟ ಡ್ಯಾನಿ ಮಾಸ್ಟರ್‌ಸನ್ ಪ್ರಕರಣ ಓದಿದಾಗಿನಿಂದ ಇದು ನನ್ನ ತಲೆ ಕೊರೆಯುತ್ತಿದೆ. 2023ರ ಮೇ 31ರಂದು ಇಬ್ಬರು ಮಹಿಳೆಯರ ಮೇಲಿನ ಅತ್ಯಾಚಾರಕ್ಕಾಗಿ ಜ್ಯೂರಿ ಆತನನ್ನು ತಪ್ಪಿತಸ್ಥ ಎಂದಿತು. ಸೆಪ್ಟೆಂಬರ್ 7ರಂದು 30 ವರ್ಷದಿಂದ ಜೀವಾವಧಿವರೆಗಿನ ಶಿಕ್ಷೆಯಾಯಿತು. ಹೆಂಡತಿ ಬಿಜೂ ಫಿಲಿಪ್ಸ್ ಆತನ ಪರವಾಗಿ ನ್ಯಾಯಾಧೀಶರಿಗೆ ಪತ್ರ ಬರೆದಿದ್ದರು. ಅದೇ ಸೆಪ್ಟೆಂಬರ್‌ನಲ್ಲಿ ವಿಚ್ಛೇದನಕ್ಕೂ ಅರ್ಜಿ ಹಾಕಿದರು. ಪತ್ರ ಬರೆದದ್ದಕ್ಕೂ ಬೈಗುಳ, ಅರ್ಜಿ ಹಾಕಿದ್ದಕ್ಕೂ ಬೈಗುಳ.

ಕಾನೂನು, ಲೆಕ್ಕಪತ್ರ, ಕೌಟುಂಬಿಕ ಸಲಹೆಯ ಕೆಲಸದಲ್ಲಿ ಇರುವವರು ದಯವಿಟ್ಟು ಬರೆಯಿರಿ. ಹಗರಣ, ಬಂಧನ, ಶಿಕ್ಷೆ, ಇವು ಒಂದು ವಿಚ್ಛೇದನದಲ್ಲಿ ನಿಜಕ್ಕೂ ಏನನ್ನು ಬದಲಿಸುತ್ತವೆ? ಹಣವನ್ನೋ, ಮಕ್ಕಳ ವಿಷಯವನ್ನೋ, ಅರ್ಜಿ ಹಾಕುವ ಹೊತ್ತನ್ನೋ? ಒಂದೇ ಕೋರಿಕೆ: ವಿಚಾರಣೆ ಮುಗಿಯದ ಪ್ರಕರಣಗಳಲ್ಲಿ ಯಾರು ತಪ್ಪಿತಸ್ಥರು ಎಂಬ ವಾದ ಇಲ್ಲಿ ಬೇಡ.

ಕಪ್ಪುಕೋಟು

ಫ್ಯಾಮಿಲಿ ಕೋರ್ಟಿನಲ್ಲಿ ವಕಾಲತ್ತು ಮಾಡುವವಳು ನಾನು. ಮೊದಲು ಒಂದು ಗೆರೆ ಎಳೆದುಕೊಳ್ಳೋಣ, ಇಲ್ಲದಿದ್ದರೆ ಚರ್ಚೆ ದಿಕ್ಕು ತಪ್ಪುತ್ತದೆ. ಆರೋಪ ಎರಡು ಬಗೆ. ಒಂದು, ಹೆಂಡತಿ ಅಥವಾ ಗಂಡನ ವಿರುದ್ಧವೇ ನಡೆದ ಅಪರಾಧ: ಹೊಡೆತ, ಕಿರುಕುಳ, ಬೆದರಿಕೆ. ಇನ್ನೊಂದು, ಮೂರನೆಯವರ ವಿರುದ್ಧ ನಡೆದದ್ದು: ಅತ್ಯಾಚಾರ, ವಂಚನೆ, ಕೊಲೆ, ತೆರಿಗೆ ಕಳ್ಳತನ. ಮೊದಲನೆಯದರಲ್ಲಿ ಸಂಗಾತಿಯೇ ದೂರುದಾರರು, ಹಾಗಾಗಿ ಕ್ರಿಮಿನಲ್ ಕೇಸೂ ವಿಚ್ಛೇದನವೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಎರಡನೆಯದರಲ್ಲಿ ಸಂಗಾತಿ ಹೊರಗಿನವರು. ಪತ್ರಿಕೆಯವರೂ ಓದುಗರೂ ಇವೆರಡನ್ನು ಕಲಸಿಬಿಡುತ್ತಾರೆ.

ಇನ್ನು, ವಿಚ್ಛೇದನ ಸಿಗಲು ಹಗರಣ ಬೇಕೇ? ಅನೇಕ ಕಡೆ ಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1970ರಿಂದ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರ ಏಪ್ರಿಲ್ 6ರಿಂದ ಯಾರ ತಪ್ಪನ್ನೂ ಸಾಬೀತು ಮಾಡದೆ ಮದುವೆ ಮುರಿದುಕೊಳ್ಳಬಹುದು. "ಹೊಂದಾಣಿಕೆ ಸಾಧ್ಯವಿಲ್ಲ" ಎಂಬ ಒಂದು ಸಾಲು ಸಾಕು. ಹಾಲಿವುಡ್‌ನ ಅರ್ಜಿಗಳಲ್ಲಿ ಎಷ್ಟು ದೊಡ್ಡ ಹಗರಣವಿದ್ದರೂ ಕಾರಣದ ಜಾಗದಲ್ಲಿ ಅದೇ ಸಾಲು ಇರುವುದು ಇದಕ್ಕೇ. ಆ ಸಾಲಿನಲ್ಲಿ ಗುಟ್ಟು ಹುಡುಕಲು ಹೋಗಬೇಡಿ.

ನಮ್ಮಲ್ಲಿ ಹಾಗಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಪರಸ್ಪರ ಒಪ್ಪಿಗೆ ಇಲ್ಲದಿದ್ದರೆ ಕಾರಣ ತೋರಿಸಲೇಬೇಕು. ಕ್ರೌರ್ಯ ಒಂದು ಕಾರಣ. ಆದರೆ ಆ ಕಾಯ್ದೆಯಲ್ಲಿ "ಜೈಲಿಗೆ ಹೋದ" ಎಂಬುದು ತನ್ನಷ್ಟಕ್ಕೆ ಒಂದು ಕಾರಣವಲ್ಲ. 1954ರ ವಿಶೇಷ ವಿವಾಹ ಕಾಯ್ದೆಯ 27ನೇ ಕಲಂನಲ್ಲಿ ಇದೆ, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆ ಅನುಭವಿಸುತ್ತಿದ್ದರೆ. ಬಂಧನವಾದರೆ, ಚಾರ್ಜ್‌ಶೀಟ್ ಬಿದ್ದರೆ ಅದು ಸಾಲದು. ಟಿವಿಯಲ್ಲಿ ಬ್ರೇಕಿಂಗ್ ನ್ಯೂಸ್ ಬಂದ ಮಾತ್ರಕ್ಕೆ ಡಿಕ್ರಿ ಸಿಗುವುದಿಲ್ಲ.

ಹೊಂಗೆಮರ

ಮೇಡಂ, ಕಾನೂನು ಒಪ್ಪಿದೆ. ಆದ್ರೆ ಜನ ಸುಮ್ ಸುಮ್ನೆ ಅನುಮಾನ ಪಡಲ್ಲ. ಇಷ್ಟು ವರ್ಷ ಆ ದುಡ್ಡಲ್ಲೇ ಮೆರೆದು, ಬಂಗಲೆ ಕಾರು ಒಡವೆ ಎಲ್ಲ ಅನುಭವಿಸಿ, ಪೊಲೀಸ್ರು ಬಾಗಿಲು ತಟ್ಟಿದ ದಿನ "ನಂಗೂ ಅವನಿಗೂ ಸಂಬಂಧ ಇಲ್ಲ" ಅಂದ್ರೆ ಯಾರು ನಂಬ್ತಾರೆ? ಎಷ್ಟೋ ಡಿವೋರ್ಸ್ ಆಸ್ತಿ ಉಳಿಸ್ಕೊಳ್ಳೋ ನಾಟಕ. ಹೆಂಡ್ತಿ ಹೆಸ್ರಿಗೆ ಮಾಡ್ಬಿಟ್ರೆ ಮೋಸ ಹೋದವ್ರಿಗೆ ಏನೂ ಸಿಗಲ್ಲ. ಆ ಟಾಮ್ ಜಿರಾರ್ಡಿ ಕೇಸ್‌ನಲ್ಲಿ ಇದೇ ಆಪಾದನೆ ಇತ್ತಲ್ವಾ? ಮೋಸ ಹೋದವರ ಕಡೆಯಿಂದ್ಲೂ ಒಂದ್ಸಲ ನೋಡಿ.

ಜಮಾಖರ್ಚು

ಹೊಂಗೆಮರ ಅವರ ಸಿಟ್ಟಿನಲ್ಲಿ ಹುರುಳಿದೆ. ಆದರೆ ಹೆಂಡತಿ ಹೆಸರಿಗೆ ಮಾಡಿಬಿಟ್ಟರೆ ಆಸ್ತಿ ಪಾರಾಯಿತು ಎಂಬುದು ನಿಜವಲ್ಲ. ನಾನು ಲೆಕ್ಕಪರಿಶೋಧಕ, ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜಿರಾರ್ಡಿ ಲಾಸ್ ಏಂಜಲೀಸ್‌ನ ಹೆಸರಾಂತ ವಕೀಲ, ಹೆಂಡತಿ ಎರಿಕಾ ಜೇನ್ ಟಿವಿ ತಾರೆ. 2020ರ ನವೆಂಬರ್‌ನಲ್ಲಿ ಆಕೆ ವಿಚ್ಛೇದನಕ್ಕೆ ಅರ್ಜಿ ಹಾಕಿದರು. ಮರುತಿಂಗಳೇ ಒಂದು ದಾವೆ ಬಿತ್ತು. 2018ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದಲ್ಲಿ ಬಿದ್ದ ಲಯನ್ ಏರ್ ವಿಮಾನದಲ್ಲಿ 189 ಜನ ಸತ್ತಿದ್ದರು. ಅವರ ಕುಟುಂಬಗಳಿಗೆ ಸೇರಬೇಕಾದ ಪರಿಹಾರದ ಹಣವನ್ನು ಜಿರಾರ್ಡಿ ನುಂಗಿದ್ದಾರೆ, ಈ ವಿಚ್ಛೇದನ ಹಣ ಮುಚ್ಚಿಡುವ ತಂತ್ರ ಎಂಬುದು ಅದರಲ್ಲಿದ್ದ ಆರೋಪ. ಎರಿಕಾ ಅದನ್ನು ನಿರಾಕರಿಸಿದರು. ನ್ಯಾಯಾಲಯ ಜಿರಾರ್ಡಿ ಆಸ್ತಿಯನ್ನು ಅಲುಗಾಡದಂತೆ ತಡೆಯಿತು, ಮುಂದೆ ದಿವಾಳಿ ಪ್ರಕ್ರಿಯೆ ನಡೆಯಿತು. 2024ರ ಆಗಸ್ಟ್‌ನಲ್ಲಿ ಕಕ್ಷಿದಾರರ ಹಣ ವಂಚಿಸಿದ್ದಕ್ಕೆ ಆತ ತಪ್ಪಿತಸ್ಥನಾದ, 2025ರಲ್ಲಿ 7 ವರ್ಷಕ್ಕೂ ಮೀರಿದ ಜೈಲು ಶಿಕ್ಷೆಯಾಯಿತು.

ಇದರಲ್ಲಿ ಒಂದು ಜೋಡಿ ವಜ್ರದ ಓಲೆಯ ಕಥೆ ಬರುತ್ತದೆ. 2007ರಲ್ಲಿ 7.5 ಲಕ್ಷ ಡಾಲರ್ ಕೊಟ್ಟು ಹೆಂಡತಿಗೆ ಕೊಡಿಸಿದ್ದು. ದಿವಾಳಿ ಆಡಳಿತಾಧಿಕಾರಿ ಹಳೆಯ ಲೆಕ್ಕ ಕೆದಕಿದಾಗ ಹಣ ಹೋಗಿದ್ದು ಕಕ್ಷಿದಾರರ ಹಣ ಇಡುವ ಟ್ರಸ್ಟ್ ಖಾತೆಯಿಂದ ಎಂದು ಗೊತ್ತಾಯಿತು. ಎರಿಕಾಗೆ ಅದು ತಿಳಿದಿತ್ತು ಅಂತ ಯಾರೂ ಸಾಬೀತು ಮಾಡಬೇಕಾಗಿ ಬರಲಿಲ್ಲ. ಕದ್ದ ಹಣದಿಂದ ಬಂದ ವಸ್ತು, ಅಷ್ಟೇ. 2022ರಲ್ಲಿ ನ್ಯಾಯಾಧೀಶರು ವಾಪಸ್ ಕೊಡಿ ಎಂದರು, ಕೊಡಬೇಕಾಯಿತು. ಉಡುಗೊರೆ ಕೊಟ್ಟು 15 ವರ್ಷ ಆದಮೇಲೂ ಹೀಗೆ.

ಇನ್ನೊಂದು, ಟೆನಿಸ್‌ನ ಬೋರಿಸ್ ಬೆಕರ್. 2017ರಲ್ಲಿ ದಿವಾಳಿ ಎಂದು ಘೋಷಣೆಯಾದ ಮೇಲೆ ತನ್ನ ಖಾತೆಯಿಂದ ಬೇರೆ ಬೇರೆ ಖಾತೆಗಳಿಗೆ ಹಣ ಸಾಗಿಸಿದ. ಅದರಲ್ಲಿ ವಿಚ್ಛೇದಿತ ಮೊದಲ ಹೆಂಡತಿಯ ಖಾತೆಯೂ ಇತ್ತು, ಎರಡನೇ ಹೆಂಡತಿಯ ಖಾತೆಯೂ ಇತ್ತು. 2022ರ ಏಪ್ರಿಲ್‌ನಲ್ಲಿ ಲಂಡನ್ ನ್ಯಾಯಾಲಯ ಎರಡೂವರೆ ವರ್ಷ ಜೈಲು ವಿಧಿಸಿತು. "ಕುಟುಂಬಕ್ಕೆ ತಾನೇ ಕೊಟ್ಟಿದ್ದು" ಅನ್ನುವ ಮಾತು ನಡೆಯಲಿಲ್ಲ, ಯಾಕೆಂದರೆ ದಿವಾಳಿಯಾದವನ ಹಣ ಮೊದಲು ಸಾಲ ಕೊಟ್ಟವರದ್ದು.

ನಮ್ಮಲ್ಲೂ ಸಾಲ ಕೊಟ್ಟವರನ್ನು ವಂಚಿಸಲು ಮಾಡಿದ ವರ್ಗಾವಣೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಅಡಿ ಪ್ರಶ್ನಿಸಬಹುದು. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಲ್ಲಿ ಇ.ಡಿ. 180 ದಿನದ ತಾತ್ಕಾಲಿಕ ಮುಟ್ಟುಗೋಲು ಹಾಕುವಾಗ ಆಸ್ತಿ ಯಾರ ಹೆಸರಲ್ಲಿದೆ ಎಂಬುದಕ್ಕಿಂತ ಹಣ ಎಲ್ಲಿಂದ ಬಂತು ಎಂಬುದನ್ನೇ ನೋಡುತ್ತದೆ.

ಹಾಗಾಗಿ ಹೆಂಡತಿ ಬೇಗ ಅರ್ಜಿ ಹಾಕಿದರೆ ಅದು ಕಳ್ಳಾಟ ಎಂದುಕೊಳ್ಳುವ ಮೊದಲು ಇದನ್ನು ನೋಡಿ. ಕ್ಯಾಲಿಫೋರ್ನಿಯಾದಂಥ ಕಡೆ ಮದುವೆಯಾದ ಮೇಲೆ ದುಡಿದದ್ದೆಲ್ಲ ಇಬ್ಬರದು, ಸಾಲವೂ ಬಹುತೇಕ ಇಬ್ಬರದು. ಬೇರೆಯಾದ ದಿನಾಂಕದಿಂದ ಆ ಗಂಟು ಬಿಚ್ಚುತ್ತದೆ. ಅರ್ಜಿಯ ನೋಟಿಸ್ ತಲುಪಿದ ಮೇಲೆ ಇನ್ನೊಬ್ಬರ ಒಪ್ಪಿಗೆ ಅಥವಾ ಕೋರ್ಟಿನ ಆದೇಶ ಇಲ್ಲದೆ ಇಬ್ಬರೂ ಆಸ್ತಿ ಮಾರುವಂತಿಲ್ಲ, ಅಡಮಾನ ಇಡುವಂತಿಲ್ಲ. ಗಂಡ ಕ್ರಿಮಿನಲ್ ಕೇಸಿನ ವಕೀಲರ ಫೀಸಿಗೆ ಮನೆಮಠ ಮಾರಲು ಹೊರಟಾಗ ಮಕ್ಕಳಿಗೆ ಒಂದಿಷ್ಟು ಉಳಿಸಿಕೊಳ್ಳಲು ಆಕೆಗೆ ಸಿಗುವ ಮೊದಲ ತಡೆ ಇದೇ.

ಓದುಗ್ರಂಥಿ

ಒಂದು ವಿಚಿತ್ರ ಪ್ರಕರಣ ಸೇರಿಸುತ್ತೇನೆ, ಖ್ಯಾತನಾಮರದ್ದಲ್ಲ, ಆದರೆ ಅಮೆರಿಕದ ಹೂಡಿಕೆ ವಂಚಕ ಬರ್ನಿ ಮೇಡಾಫ್ ಹಗರಣದ ಬಾಲ. ನ್ಯೂಯಾರ್ಕಿನ ದಂಪತಿ 2006ರಲ್ಲಿ ಬೇರೆಯಾಗುವಾಗ ಮೇಡಾಫ್ ಸಂಸ್ಥೆಯಲ್ಲಿದ್ದ ಹೂಡಿಕೆಯ ಲೆಕ್ಕ ಹಾಕಿ, ಗಂಡ ಖಾತೆ ಇಟ್ಟುಕೊಂಡು ಹೆಂಡತಿಗೆ ಅವಳ ಪಾಲನ್ನು ನಗದಾಗಿ ಕೊಟ್ಟ. 2008ರ ಡಿಸೆಂಬರ್‌ನಲ್ಲಿ ಎಲ್ಲವೂ ಮೋಸ ಎಂದು ಬಯಲಾಯಿತು. "ಇಲ್ಲದ ಹಣವನ್ನು ಪಾಲು ಮಾಡಿದ್ದೇವೆ, ಒಪ್ಪಂದ ಬದಲಿಸಿ" ಎಂದು ಗಂಡ ಕೋರ್ಟಿಗೆ ಹೋದ. 2012ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಒಪ್ಪಲಿಲ್ಲ: ಒಪ್ಪಂದದ ದಿನ ಆ ಖಾತೆಗೆ ಬೆಲೆ ಇತ್ತು, ಬೇಕಿದ್ದರೆ ಅವತ್ತು ಹಿಂದಕ್ಕೆ ಪಡೆಯಬಹುದಿತ್ತು, ಆಮೇಲೆ ಬಿದ್ದುಹೋದದ್ದಕ್ಕೆ ವಿಚ್ಛೇದನವನ್ನು ಮತ್ತೆ ತೆರೆಯಲಾಗದು.

ಹಾಲಿವುಡ್ ನಿರ್ಮಾಪಕ ಹಾರ್ವಿ ವೈನ್‌ಸ್ಟೀನ್‌ದೂ ಹಾಗೇ. 2017ರ ಅಕ್ಟೋಬರ್ 5ರಂದು ಆತನ ಮೇಲಿನ ಲೈಂಗಿಕ ಕಿರುಕುಳದ ಆರೋಪಗಳ ಮೊದಲ ವರದಿ ಬಂತು. ಒಂದು ವಾರ ತುಂಬುವ ಮೊದಲೇ ಪತ್ನಿ ಜಾರ್ಜಿನಾ ಚಾಪ್‌ಮನ್ ಬಿಟ್ಟು ಹೋಗುತ್ತಿರುವುದಾಗಿ ಹೇಳಿದರು. ಆಗ ಬಂಧನವೂ ಆಗಿರಲಿಲ್ಲ. 2020ರಲ್ಲಿ ನ್ಯೂಯಾರ್ಕಿನಲ್ಲಿ 23 ವರ್ಷ ಶಿಕ್ಷೆ, 2024ರ ಏಪ್ರಿಲ್‌ನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿ ಮರುವಿಚಾರಣೆಗೆ ಹೇಳಿತು. ಲಾಸ್ ಏಂಜಲೀಸ್‌ನ ಶಿಕ್ಷೆ ಬೇರೆ, ಮರುವಿಚಾರಣೆ ಬೇರೆ. ನಾನು ಹೇಳುವುದಿಷ್ಟು: ಈ ಏರಿಳಿತ ಯಾವುದೂ ಮುಗಿದ ವಿಚ್ಛೇದನವನ್ನು ಹಿಂದಕ್ಕೆ ತರುವುದಿಲ್ಲ. ಆಕೆ ತೀರ್ಪಿಗೆ ಕಾಯಲಿಲ್ಲ, ಕಾಯಬೇಕಾಗಿಯೂ ಇರಲಿಲ್ಲ.

ದೀಪದಕಂಬ

ಕೌಟುಂಬಿಕ ಸಲಹಾ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿಗೆ ಬರುವವರು ಸೆಲೆಬ್ರಿಟಿಗಳಲ್ಲ, ಆದರೆ ಪೇಪರಿನಲ್ಲಿ ಹೆಸರು ಬಂದ ಕುಟುಂಬಗಳು ಬರುತ್ತವೆ.

"ನಿನಗೆ ಗೊತ್ತೇ ಇರಲಿಲ್ವಾ?" ಈ ಪ್ರಶ್ನೆ ಅವರನ್ನು ತಿಂದುಹಾಕುತ್ತದೆ. ತವರಿನವರು ಕೇಳುತ್ತಾರೆ, ಪಕ್ಕದ ಮನೆಯವರು ಕೇಳುತ್ತಾರೆ, ಕೊನೆಗೆ ಅವರೇ ರಾತ್ರಿ ಹೊತ್ತು ಹಳೆಯ ವರ್ಷಗಳನ್ನೆಲ್ಲ ತಿರುವಿಹಾಕುತ್ತ ಕೂರುತ್ತಾರೆ. ಆ ದಿನ ಲೇಟಾಗಿ ಬಂದಿದ್ದು ಅದಕ್ಕಾ? ಆ ಫೋನ್ ಎತ್ತಿಕೊಂಡು ಹೊರಗೆ ಹೋಗಿದ್ದು ಅದಕ್ಕಾ? ಗಂಡ ಸತ್ತರೆ ಜನ ಬಂದು ಕೂತು ಸಮಾಧಾನ ಹೇಳುತ್ತಾರೆ. ಗಂಡ ಜೈಲಿಗೆ ಹೋದರೆ ಯಾರೂ ಬರುವುದಿಲ್ಲ. ಆ ದುಃಖಕ್ಕೆ ಅಳುವ ಹಕ್ಕೂ ಇಲ್ಲ, ಅತ್ತರೆ "ಅವನ ಪರ" ಅನ್ನಿಸಿಕೊಳ್ಳಬೇಕು. ಹೊಂಗೆಮರ ಸರ್, ಮೋಸ ಹೋದವರ ನೋವು ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಆ ಲೆಕ್ಕ ಚುಕ್ತಾ ಮಾಡಬೇಕಾದವನು ಅಪರಾಧಿ.

ಬೇಗ ಬಿಡುವವರಿಗೂ ತಡವಾಗಿ ಬಿಡುವವರಿಗೂ ಅವರವರ ಕಾರಣಗಳಿರುತ್ತವೆ. ಮಗುವಿನ ಪರೀಕ್ಷೆ ಮುಗಿಯಲಿ, ಅತ್ತೆ ಆಸ್ಪತ್ರೆಯಿಂದ ಬರಲಿ, ತೀರ್ಪು ಬರಲಿ, ಇವು ನಾನು ಕಿವಿಯಾರೆ ಕೇಳಿದ ಕಾರಣಗಳು. ಅಪರಾಧ ನಂಬಿಕೆಯಾಗಿ ಬಿಟ್ಟವರಿಗಿಂತ, ಸುದ್ದಿ ಹೊರಬಂದ ಮೇಲೆ ಗಂಡ ಮನೆಯೊಳಗೆ ನಡೆದುಕೊಂಡ ರೀತಿ ಕಂಡು ಬಿಟ್ಟವರೇ ನನಗೆ ಹೆಚ್ಚು ಕಂಡಿದ್ದಾರೆ. ಒಬ್ಬಾಕೆ ಹೇಳಿದ್ದು ಇದು: "ಮಾಡಿದನೋ ಇಲ್ಲವೋ ನನಗಿನ್ನೂ ಗೊತ್ತಿಲ್ಲ ಮೇಡಂ. ಆದರೆ ನನ್ನ ಹತ್ತಿರ ಸುಳ್ಳು ಸಾಕ್ಷಿ ಹೇಳು ಅಂದ. ಅವತ್ತೇ ಮುಗಿಯಿತು."

ಮಕ್ಕಳ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಸುಪರ್ದಿ ನಿರ್ಧರಿಸುವಾಗ ಬಹುತೇಕ ಕಡೆ ಅಳತೆಗೋಲು ಒಂದೇ, ಮಗುವಿನ ಹಿತ. ಆರೋಪ ಮಗುವಿನ ಮೇಲಿನ ಅಥವಾ ಮನೆಯೊಳಗಿನ ಹಿಂಸೆಯದ್ದಾದರೆ ತೀರ್ಪಿಗೆ ಕಾಯದೆ ಭೇಟಿಯನ್ನು ನಿಲ್ಲಿಸಬಹುದು, ಇಲ್ಲವೇ ಇನ್ನೊಬ್ಬರ ಎದುರಿನಲ್ಲಷ್ಟೇ ಭೇಟಿ ಎಂದು ಹೇಳಬಹುದು. ಆರ್ಥಿಕ ಅಪರಾಧವಾದರೆ ಅಷ್ಟರಿಂದಲೇ ತಂದೆಯನ್ನು ದೂರ ಇಡುವುದಿಲ್ಲ. ಜೈಲಿನಲ್ಲಿರುವ ತಂದೆಯನ್ನು ಮಗು ನೋಡಬೇಕೇ ಬೇಡವೇ ಎಂಬುದಕ್ಕೆ ಸಿದ್ಧ ಉತ್ತರ ಇಲ್ಲ. ನೋಡಿ ಬಂದ ಮೇಲೆ ನಿದ್ದೆ ಮಾಡಿದ ಮಕ್ಕಳೂ ಇದ್ದಾರೆ, ನೋಡದೆ ಕೊರಗಿದ ಮಕ್ಕಳೂ ಇದ್ದಾರೆ. ಸೆಲೆಬ್ರಿಟಿ ಮಕ್ಕಳಿಗೆ ಹೆಚ್ಚುವರಿ ಕಷ್ಟ ಒಂದಿದೆ: ಅಪ್ಪನ ಹೆಸರು ಹುಡುಕಿದರೆ ಚಾರ್ಜ್‌ಶೀಟಿನ ವಿವರವೇ ಮೊದಲು ಬರುತ್ತದೆ, ಹದಿನೈದು ವರ್ಷ ಕಳೆದ ಮೇಲೂ. ಮಗು ಅದನ್ನು ಶಾಲೆಯಲ್ಲಿ ಕೇಳುವ ಮುಂಚೆ ಮನೆಯಲ್ಲಿ ಕೇಳಬೇಕು. ಮಗುವಿನ ವಯಸ್ಸಿಗೆ ತಕ್ಕ ಮಾತಿನಲ್ಲಿ, ಇಬ್ಬರೂ ಒಂದೇ ರೀತಿ ಹೇಳಬೇಕು. ಇದನ್ನು ಒಪ್ಪಂದದಲ್ಲೇ ಬರೆಸಿಕೊಂಡವರನ್ನು ಕಂಡಿದ್ದೇನೆ, ಒಳ್ಳೆಯ ಕೆಲಸ.

ಮೂರನೇ ಬೆಂಚು

ಹಲವು ವರ್ಷ ಕೋರ್ಟ್ ವರದಿಗಾರಿಕೆ ಮಾಡಿದ್ದೇನೆ. ಮಾಧ್ಯಮದ ಕಡೆಯಿಂದ ಒಂದು ಮಾತು. ನಮ್ಮಲ್ಲಿ ವಿಚ್ಛೇದನದ ವಿಚಾರಣೆ ಮುಚ್ಚಿದ ಕೊಠಡಿಯಲ್ಲಿ ನಡೆಯಬೇಕು, ಅದರ ವಿವರ ಪ್ರಕಟಿಸುವಂತಿಲ್ಲ ಎಂದು ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಹೇಳುತ್ತದೆ. ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪನ್ನು ಮಾತ್ರ ಕೋರ್ಟಿನ ಅನುಮತಿ ಪಡೆದು ಮುದ್ರಿಸಬಹುದು. ಇದು ಎಷ್ಟೋ ಪತ್ರಕರ್ತರಿಗೇ ತಿಳಿದಿಲ್ಲ. ಕ್ರಿಮಿನಲ್ ವಿಚಾರಣೆ ಹಾಗಲ್ಲ, ಸಾಮಾನ್ಯವಾಗಿ ತೆರೆದ ನ್ಯಾಯಾಲಯ. ಹಾಗಾಗಿ ಏನಾಗುತ್ತದೆಂದರೆ, ಗಂಡ ಹೆಂಡತಿ ಮುಚ್ಚಿದ ಕೊಠಡಿಯಲ್ಲಿ ಹೇಳಬೇಕಾದ ಮಾತು ಎಫ್‌ಐಆರ್ ಮೂಲಕ, ಜಾಮೀನು ಅರ್ಜಿಯ ಮೂಲಕ ಬೀದಿಗೆ ಬರುತ್ತದೆ. ಕೆಲವರು ಬೇಕೆಂದೇ ಆ ದಾರಿ ಹಿಡಿಯುತ್ತಾರೆ, ಕೆಲವರಿಗೆ ಬೇರೆ ದಾರಿಯೇ ಇರುವುದಿಲ್ಲ.

ಹಾಲಿವುಡ್ ನಟ ಜಾನಿ ಡೆಪ್ ಮತ್ತು ಅವರ ಹೆಂಡತಿಯಾಗಿದ್ದ ನಟಿ ಆಂಬರ್ ಹರ್ಡ್ ವಿಷಯದಲ್ಲಿ ಎಷ್ಟು ಜನ ಮರೆಯುತ್ತಾರೆ: ಅಲ್ಲಿ ಕೌಟುಂಬಿಕ ಹಿಂಸೆಗಾಗಿ ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ. 2016ರ ಆಗಸ್ಟ್‌ನಲ್ಲಿ 70 ಲಕ್ಷ ಡಾಲರ್‌ಗೆ ರಾಜಿಯಾಯಿತು, ಜಂಟಿ ಹೇಳಿಕೆ ಹೊರಬಂತು, 2017ರ ಜನವರಿಯಲ್ಲಿ ಕಾಗದದ ಮೇಲೆ ಎಲ್ಲ ಮುಗಿಯಿತು. 2018ರಲ್ಲಿ ಆಕೆ ಬರೆದ ಒಂದು ಲೇಖನದಿಂದ ಮತ್ತೆ ಹೊತ್ತಿಕೊಂಡಿತು. 2020ರಲ್ಲಿ ಲಂಡನ್‌ನಲ್ಲಿ ಒಂದು ಪತ್ರಿಕೆಯ ವಿರುದ್ಧದ ಮಾನನಷ್ಟ ದಾವೆಯಲ್ಲಿ ಡೆಪ್ ಸೋತರು, 2022ರ ಜೂನ್ 1ರಂದು ವರ್ಜೀನಿಯಾದಲ್ಲಿ ಹರ್ಡ್ ವಿರುದ್ಧ ಬಹುಪಾಲು ಗೆದ್ದರು. ಹೆಚ್ಚುಕಡಿಮೆ ಒಂದೇ ಘಟನೆಗಳು, ಎರಡು ದೇಶ, ಎರಡು ಬಗೆಯ ತೀರ್ಮಾನ. ವಿಚ್ಛೇದನಕ್ಕೆ ತಗುಲಿದ್ದು ಕೆಲವೇ ತಿಂಗಳು, ಹೆಸರಿಗಾಗಿ ನಡೆದ ಜಗಳಕ್ಕೆ ವರ್ಷಗಟ್ಟಲೆ.

ಹೊಂಗೆಮರ

ಓಲೆ ವಿಷ್ಯ ಗೊತ್ತಿರಲಿಲ್ಲ, ಸರಿಯಾಗೇ ಆಗಿದೆ. ಇನ್ನೊಂದು ಕೇಳ್ತೀನಿ. ಡಿವೋರ್ಸ್ ಆದ್ಮೇಲೆ ಹೆಂಡ್ತಿ ಗಂಡನ ವಿರುದ್ಧ ಸಾಕ್ಷಿ ಹೇಳ್ಬಹುದಾ? ಮದುವೆ ಇರೋವರ್ಗೂ ಹೇಳೋ ಹಾಗಿಲ್ಲ ಅಂತಾರಲ್ಲ. ಅದಕ್ಕೇ ಗಂಡಂದಿರು ಡಿವೋರ್ಸ್ ಎಳೆದಾಡ್ತಾರೆ ಅಂತ ಕೇಳಿದ್ದೆ.

ಕಪ್ಪುಕೋಟು

ಒಳ್ಳೆಯ ಪ್ರಶ್ನೆ, ಇದರಲ್ಲಿ ತಪ್ಪು ತಿಳಿವಳಿಕೆ ಬಹಳ. ಸಂಗಾತಿ ಸಾಕ್ಷಿ ಹೇಳಲೇಬಾರದು ಎಂದು ನಮ್ಮ ಕಾನೂನಿನಲ್ಲಿ ಇಲ್ಲ. ರಕ್ಷಣೆ ಇರುವುದು ಮದುವೆಯ ಅವಧಿಯಲ್ಲಿ ಇಬ್ಬರ ನಡುವೆ ನಡೆದ ಮಾತಿಗೆ. ಹಳೆಯ ಸಾಕ್ಷ್ಯ ಕಾಯ್ದೆಯ 122ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 128. ಆ ರಕ್ಷಣೆ ವಿಚ್ಛೇದನದೊಂದಿಗೆ ಕೊನೆಯಾಗುವುದಿಲ್ಲ. ಗಂಡ ಅವತ್ತು ಹೆಂಡತಿಯ ಹತ್ತಿರ "ನಾನೇ ಮಾಡಿದೆ" ಎಂದಿದ್ದರೆ, ಮೂರನೆಯವರ ಕೊಲೆ ಕೇಸಿನಲ್ಲಿ ಆ ಮಾತನ್ನು ಆತನ ಒಪ್ಪಿಗೆ ಇಲ್ಲದೆ ಹೇಳಿಸಲು ಬರುವುದಿಲ್ಲ, ಡಿವೋರ್ಸ್ ಆಗಿದ್ದರೂ. ಆದರೆ ಅವನು ರಾತ್ರಿ ಬಂದು ಬಟ್ಟೆ ತೊಳೆದದ್ದನ್ನು, ಮಾಡಿನ ಮೇಲಿಂದ ಇಳಿದದ್ದನ್ನು ಕಣ್ಣಾರೆ ಕಂಡಿದ್ದರೆ ಅದನ್ನು ಹೇಳಬಹುದು. 1954ರಲ್ಲೇ ರಾಮ್ ಭರೋಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾತು ಬೇರೆ, ಕೃತ್ಯ ಬೇರೆ ಎಂದಿತು. ಅಪರಾಧ ಸಂಗಾತಿಯ ವಿರುದ್ಧವೇ ನಡೆದಿದ್ದರೆ ಅಥವಾ ದಾವೆ ಅವರಿಬ್ಬರ ನಡುವಿನದ್ದಾದರೆ ಈ ರಕ್ಷಣೆಯೇ ಇಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗುಟ್ಟಾಗಿ ಧ್ವನಿಮುದ್ರಿಸಿದ ದಂಪತಿಯ ಮಾತನ್ನೂ ವಿಚ್ಛೇದನ ಪ್ರಕರಣದಲ್ಲಿ ಪರಿಗಣಿಸಬಹುದು ಎಂದಿದೆ.

ವಿಚ್ಛೇದನ ಎಳೆದಾಡುವ ನಿಜವಾದ ಕಾರಣ ಬೇರೆ. ಅಲ್ಲಿ ಆಸ್ತಿ ಆದಾಯದ ಅಫಿಡವಿಟ್ ಕೊಡಬೇಕು, 2020ರ ರಜನೇಶ್ ತೀರ್ಪಿನ ನಂತರ ಜೀವನಾಂಶದ ಪ್ರಕರಣಗಳಲ್ಲಿ ಇದು ಕಡ್ಡಾಯ. ಪಾಟೀಸವಾಲಿಗೆ ನಿಲ್ಲಬೇಕು. ಅಲ್ಲಿ ಪ್ರಮಾಣ ಮಾಡಿ ಹೇಳಿದ ಒಂದು ಮಾತು ಕ್ರಿಮಿನಲ್ ಕೇಸಿನಲ್ಲಿ ಕುತ್ತಿಗೆಗೆ ಬರಬಹುದು. ಹಾಗಾಗಿ ಕ್ರಿಮಿನಲ್ ವಕೀಲರು "ಬಾಯಿ ಬಿಡಬೇಡಿ" ಅನ್ನುತ್ತಾರೆ, ಫ್ಯಾಮಿಲಿ ಕೋರ್ಟ್ ವಕೀಲರು "ಉತ್ತರ ಕೊಡಲೇಬೇಕು" ಅನ್ನುತ್ತಾರೆ. ಕ್ರಿಮಿನಲ್ ಮೊಕದ್ದಮೆಯಲ್ಲಿ ಆರೋಪಿ ಮೌನವಾಗಿದ್ದರೆ ಅದನ್ನು ಅವನ ವಿರುದ್ಧ ಬಳಸುವಂತಿಲ್ಲ. ಆದರೆ ಅಮೆರಿಕದ ಹಲವು ಕಡೆ ಸಿವಿಲ್ ಪ್ರಕರಣದಲ್ಲಿ ಅದೇ ಮೌನದಿಂದ ನ್ಯಾಯಾಧೀಶರು ಪ್ರತಿಕೂಲ ಅರ್ಥ ತೆಗೆಯಬಹುದು. ಈ ಇಕ್ಕಟ್ಟಿನಿಂದಲೇ ದೊಡ್ಡವರ ಡಿವೋರ್ಸ್‌ಗಳು ಒಂದೋ ದಿಢೀರನೆ ರಾಜಿಯಾಗುತ್ತವೆ, ಇಲ್ಲವೇ ಕ್ರಿಮಿನಲ್ ಕೇಸ್ ಮುಗಿಯುವವರೆಗೆ ಹಾಗೇ ಬಿದ್ದಿರುತ್ತವೆ.

ಇನ್ನೂ ಒಂದು. ಕ್ರಿಮಿನಲ್ ಕೇಸಿನಲ್ಲಿ ಸಂಶಯಾತೀತ ಸಾಬೀತು ಬೇಕು. ವೈವಾಹಿಕ ಪ್ರಕರಣಕ್ಕೆ "ಹೆಚ್ಚು ಸಂಭವನೀಯ" ಅನ್ನಿಸಿದರೆ ಸಾಕು, 1975ರ ದಾಸ್ತಾನೆ ತೀರ್ಪು ಅದನ್ನೇ ಹೇಳಿದ್ದು. ಅಮೆರಿಕದ ಫುಟ್‌ಬಾಲ್ ತಾರೆ ಒ.ಜೆ. ಸಿಂಪ್ಸನ್ 1995ರಲ್ಲಿ ವಿಚ್ಛೇದಿತ ಹೆಂಡತಿಯ ಕೊಲೆ ಕೇಸಿನಿಂದ ಖುಲಾಸೆಯಾಗಿ, 1997ರಲ್ಲಿ ಸಿವಿಲ್ ಜ್ಯೂರಿಯ ಮುಂದೆ ಹೊಣೆಗಾರನಾಗಿ 3.35 ಕೋಟಿ ಡಾಲರ್ ತೆರಬೇಕಾಗಿ ಬಂದದ್ದು ಈ ವ್ಯತ್ಯಾಸದಿಂದ. ಹಾಗಾಗಿ ಖುಲಾಸೆಯಾದ ಗಂಡ "ನನ್ನ ಮೇಲಿನ ದೂರು ಸುಳ್ಳಾಯಿತು, ಇದೇ ಕ್ರೌರ್ಯ" ಎಂದ ಕೂಡಲೇ ಗೆಲ್ಲುವುದಿಲ್ಲ. ಸುಳ್ಳು ದೂರು ಮಾನಸಿಕ ಕ್ರೌರ್ಯ ಎಂದು 2014ರ ಕೆ. ಶ್ರೀನಿವಾಸ್ ವಿರುದ್ಧ ಕೆ. ಸುನೀತಾ ತೀರ್ಪು ಹೇಳಿದೆ, ನಿಜ. ಆದರೆ ಸಾಕ್ಷಿ ಸಾಲದೆ ಬಿದ್ದ ದೂರೂ ಬೇಕೆಂದೇ ಹೆಣೆದ ಸುಳ್ಳು ದೂರೂ ಒಂದೇ ಅಲ್ಲ. ಇವೆರಡನ್ನು ಒಂದೇ ಎಂದು ಬಿಂಬಿಸುವ ವಿಡಿಯೊಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ, ಹೊಡೆತ ತಿಂದವರು ಅದನ್ನು ನೋಡಿ ಠಾಣೆಗೆ ಹೋಗಲು ಹೆದರುತ್ತಾರೆ.

ತಿಳಿನೀರು

ಸಂಪಾದನೆಯೇ ನಿಂತುಹೋದರೆ ಜೀವನಾಂಶದ ಗತಿಯೇನು? ಜಾಹೀರಾತು ಕಂಪನಿಗಳು ಮೊದಲ ವಾರವೇ ಕೈಬಿಡುತ್ತವಲ್ಲ.

ಜಮಾಖರ್ಚು

ಹೌದು, ಅವು ಕೋರ್ಟಿಗೆ ಕಾಯುವುದಿಲ್ಲ. ಒಪ್ಪಂದದಲ್ಲೇ ನಡತೆಯ ಷರತ್ತು ಇರುತ್ತದೆ, ಹೆಸರಿಗೆ ಮಸಿ ಬಿದ್ದರೆ ಸಾಕು. ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಮೇಲೆ ಗಂಭೀರ ಅಪರಾಧದ ಆರೋಪವೇ ಇರಲಿಲ್ಲ. 2009ರ ನವೆಂಬರ್‌ನ ಕಾರು ಅಪಘಾತದ ಹಿಂದೆಯೇ ವಿವಾಹೇತರ ಸಂಬಂಧಗಳು ಬಯಲಾದವು, ಡಿಸೆಂಬರ್‌ನಲ್ಲೇ ಪ್ರಾಯೋಜಕ ಕಂಪನಿ ಆಕ್ಸೆಂಚರ್ ಕೈಬಿಟ್ಟಿತು. 2010ರ ಆಗಸ್ಟ್‌ನಲ್ಲಿ ವಿಚ್ಛೇದನ ಮುಗಿಯುವಷ್ಟರಲ್ಲಿ ಆದಾಯದ ಚಿತ್ರವೇ ಬೇರೆಯಾಗಿತ್ತು.

ಮೊಹಮ್ಮದ್ ಶಮಿ ಉದಾಹರಣೆ ನೋಡಿ. 2018ರ ಮಾರ್ಚ್‌ನಲ್ಲಿ ಪತ್ನಿ ಹಸೀನ್ ಜಹಾನ್ ಕೌಟುಂಬಿಕ ಹಿಂಸೆಯ ದೂರು ಕೊಟ್ಟರು, ಶಮಿ ಅಲ್ಲಗಳೆದರು. ಬಿಸಿಸಿಐ ವಾರ್ಷಿಕ ಗುತ್ತಿಗೆಯನ್ನು ತಡೆಹಿಡಿಯಿತು. ಅದರ ಭ್ರಷ್ಟಾಚಾರ ನಿಗ್ರಹ ಘಟಕ, ಹಸೀನ್ ಜೊತೆಗೆ ಮಾಡಿದ್ದ ಮ್ಯಾಚ್ ಫಿಕ್ಸಿಂಗ್ ಆಪಾದನೆಯನ್ನು ವಿಚಾರಿಸಿ ಮುಗಿಸಿದ ಮೇಲೆ ಅದೇ ತಿಂಗಳು ಗುತ್ತಿಗೆ ಸಿಕ್ಕಿತು. ಗುತ್ತಿಗೆ ಸಿಗದೇ ಇದ್ದಿದ್ದರೆ ಜೀವನಾಂಶ ಕೇಳುವವರಿಗೂ ನಷ್ಟವೇ. 2025ರ ಜುಲೈನಲ್ಲಿ ಕಲ್ಕತ್ತಾ ಹೈಕೋರ್ಟ್ ತಿಂಗಳಿಗೆ ಹೆಂಡತಿಗೆ 1.5 ಲಕ್ಷ, ಮಗಳಿಗೆ 2.5 ಲಕ್ಷ ಕೊಡಬೇಕು ಎಂದು ಆದೇಶಿಸಿದಾಗ ಲೆಕ್ಕಕ್ಕೆ ಹಿಡಿದದ್ದು ಆಟಗಾರನ ಆದಾಯ ತೆರಿಗೆ ವಿವರವನ್ನು. ಗಂಡನನ್ನು ಬೀಳಿಸಲೆಂದೇ ಹೆಂಡತಿ ದೂರು ಕೊಡುತ್ತಾಳೆ ಅನ್ನುವವರು ಇದನ್ನು ಯೋಚಿಸಬೇಕು. ಅವನು ಬಿದ್ದರೆ ಅವಳ ಊಟವೂ ಬೀಳುತ್ತದೆ. ಅಷ್ಟಾಗಿಯೂ ದೂರು ಕೊಟ್ಟವರು ಎಷ್ಟೋ ಲೆಕ್ಕ ಹಾಕಿಯೇ ಕೊಟ್ಟಿರುತ್ತಾರೆ.

ಆದಾಯ ನಿಜಕ್ಕೂ ಕುಸಿದರೆ ಮೊತ್ತ ಬದಲಿಸಿ ಎಂದು ಇಬ್ಬರೂ ಕೇಳಬಹುದು. ಬೇಕೆಂದೇ ದುಡಿಮೆ ನಿಲ್ಲಿಸಿದವನಿಗೆ ಮಾತ್ರ ನ್ಯಾಯಾಲಯ ಅವನ ಸಾಮರ್ಥ್ಯದ ಮೇಲೆ ಲೆಕ್ಕ ಹಾಕುತ್ತದೆ.

ದೀಪದಕಂಬ

ಕಪ್ಪುಕೋಟು ಅವರೇ, "ಸೆಟಲ್‌ಮೆಂಟ್ ಆದರೆ ಕೇಸ್ ವಾಪಸ್" ಎಂಬ ಮಾತನ್ನು ನಮ್ಮಲ್ಲಿ ದಿನಾ ಕೇಳುತ್ತೇವೆ. ಎಷ್ಟು ನಿಜ? ಒತ್ತಡದಲ್ಲಿ ಸಹಿ ಹಾಕುವವರನ್ನು ನೋಡಿ ಕೇಳುತ್ತಿದ್ದೇನೆ.

ಕಪ್ಪುಕೋಟು

ಕಿರುಕುಳದ ಪ್ರಕರಣ, ಅಂದರೆ ಹಿಂದಿನ 498ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85, ಇದನ್ನು ರಾಜಿಯಾದ ಮೇಲೆ ಹೈಕೋರ್ಟ್ ರದ್ದು ಮಾಡಬಹುದು. 2003ರ ಬಿ.ಎಸ್. ಜೋಶಿ ತೀರ್ಪಿನಿಂದ ಈ ದಾರಿ ಇದೆ. ದೂರುದಾರರು ತಾವಾಗಿ "ವಾಪಸ್" ಪಡೆಯುವುದಲ್ಲ, ಹೈಕೋರ್ಟಿಗೆ ಹೋಗಬೇಕು. 2012ರ ಗ್ಯಾನ್ ಸಿಂಗ್ ತೀರ್ಪು ಇದಕ್ಕೆ ಗಡಿಯನ್ನೂ ಹಾಕಿದೆ: ಕೊಲೆ, ಅತ್ಯಾಚಾರ, ದರೋಡೆಯಂಥವು ಇಬ್ಬರ ರಾಜಿಯಿಂದ ಅಳಿಯುವುದಿಲ್ಲ. ಮೂರನೆಯವರ ವಿರುದ್ಧದ ಅಪರಾಧವಾದರಂತೂ ಗಂಡ ಹೆಂಡತಿಯ ಒಪ್ಪಂದಕ್ಕೆ ಅಲ್ಲಿ ಜಾಗವೇ ಇಲ್ಲ.

ಸಹಿ ಹಾಕುವ ಮುನ್ನ ನಾನು ನನ್ನ ಕಕ್ಷಿದಾರರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ಹಣದ ಕೊನೆಯ ಕಂತು ಯಾವಾಗ ಎಂದು ನೋಡಿ. ಒಪ್ಪಿಗೆಯ ವಿಚ್ಛೇದನದಲ್ಲಿ ಎರಡು ಹಂತ ಇರುತ್ತದೆ, ನಡುವೆ ಆರು ತಿಂಗಳು. 2017ರಿಂದ ಸೂಕ್ತ ಕಂಡರೆ ನ್ಯಾಯಾಲಯ ಆ ಅವಧಿಯನ್ನು ಮನ್ನಾ ಮಾಡಬಹುದು. ಕೇಸ್ ರದ್ದಾಗುವ ದಿನಕ್ಕೂ ಕೊನೆಯ ಕಂತಿನ ದಿನಕ್ಕೂ ತಾಳೆಯಾಗಬೇಕು, ಇಲ್ಲದಿದ್ದರೆ ಒಬ್ಬರು ತಮ್ಮದನ್ನು ಕೊಟ್ಟು ಕೂತು ಇನ್ನೊಬ್ಬರ ದಾರಿ ಕಾಯಬೇಕು. ಜೈಲಿಗೆ ಹೋಗುವ ಸಾಧ್ಯತೆ ಇರುವವರಿಂದ ತಿಂಗಳ ಜೀವನಾಂಶದ ಭರವಸೆ ನಂಬಿಕೊಳ್ಳುವುದಕ್ಕಿಂತ ಒಂದೇ ಸಲದ ಮೊತ್ತ ಮೇಲು. ಆದರೆ ಆ ಹಣ ಎಲ್ಲಿಂದ ಬಂತು ಎಂಬ ದಾಖಲೆ ಕೇಳಿ ಪಡೆಯಿರಿ, ಜಮಾಖರ್ಚು ಅವರು ಹೇಳಿದ ಓಲೆ ನೆನಪಿರಲಿ.

ತಿಳಿನೀರು

ಗುಟ್ಟು ಕಾಪಾಡುವ ಷರತ್ತಿಗೆ ಸಹಿ ಹಾಕಿದರೆ ಮುಂದೆ ಪೊಲೀಸರು ಕೇಳಿದಾಗಲೂ ಬಾಯಿ ಬಿಡುವಂತಿಲ್ಲವೇ?

ಕಪ್ಪುಕೋಟು

ಹಾಗೇನಿಲ್ಲ, ಪೊಲೀಸರಿಗೆ ಹೇಳಬಹುದು. ಪುಸ್ತಕ, ಸಂದರ್ಶನ, ಸೋಷಿಯಲ್ ಮೀಡಿಯಾ, ಇವಕ್ಕೆ ಅಂಥ ಷರತ್ತು ಅನ್ವಯಿಸಬಹುದು. ತನಿಖಾಧಿಕಾರಿಗೆ ಹೇಳಿಕೆ ಕೊಡಬಾರದು, ಸಮನ್ಸ್ ಬಂದರೂ ಸಾಕ್ಷಿಗೆ ಹೋಗಬಾರದು ಎಂದು ಬರೆಸಿಕೊಂಡರೆ ಅದು ಸಾರ್ವಜನಿಕ ಹಿತಕ್ಕೆ ವಿರುದ್ಧ, ಕರಾರು ಕಾಯ್ದೆಯ 23ನೇ ಕಲಂ ಪ್ರಕಾರ ನಿಲ್ಲುವುದಿಲ್ಲ. ಹಾಗೆ ಬರೆದ ಕರಡು ಎದುರಿಗೆ ಬಂದರೆ ಆ ಸಾಲನ್ನು ಹೊಡೆದುಹಾಕಿಸಿ, "ಕಾನೂನು ಕೇಳಿದ ಕಡೆ ಹೇಳಿಕೆ ಕೊಡಲು ಅಡ್ಡಿಯಿಲ್ಲ" ಎಂದು ಸ್ಪಷ್ಟವಾಗಿ ಸೇರಿಸಿ. ಎದುರು ವಕೀಲರು ತಕರಾರು ಮಾಡಿದರೆ ಸಹಿ ಹಾಕಬೇಡಿ, ಇನ್ನೊಂದು ದಿನಾಂಕ ತೆಗೆದುಕೊಳ್ಳಿ.